ಕಳವಳಕ್ಕೆ ಧ್ಯಾನದ ಮದ್ದು

ಡಿಸೆಂಬರ್ ತಿಂಗಳ 21ನೆಯ ದಿನವನ್ನು ವಿಶ್ವ ಧ್ಯಾನ ದಿನವಾಗಿ ಆಚರಿಸತಕ್ಕದ್ದೆಂದು ವಿಶ್ವಸಂಸ್ಥೆಯು 2024ರಲ್ಲಿ ನಿರ್ಣಯಿಸಿತು. ಭಾರತದ ಪುರಾತನ ವಿದ್ಯೆಯೊಂದಕ್ಕೆ ಲೋಕಮನ್ನಣೆ ದೊರೆತುದು ಸಂತೋಷದ ಸಂಗತಿಯೇ ಸರಿ. ಆದರೆ ಈ ಮನ್ನಣೆಯ ಜೊತೆಜೊತೆಗೇ ಮತ್ತೊಂದು ವಾಡಿಕೆಯೂ ಬಲಿತುಬಂದಿದೆ. ಎದೆ ಡವಗುಟ್ಟುವುದೆಂದು, ರಾತ್ರಿ ನಿದ್ರೆ ಬಾರದೆಂದು, ಕಾರಣವಿಲ್ಲದೆ ಕೈಕಾಲು ನಡುಗುವುದೆಂದು ಒಬ್ಬನು ಬಾಯಿಬಿಟ್ಟು ಹೇಳಿಕೊಂಡನೆಂದರೆ, ಕೇಳಿದವರೆಲ್ಲರಲ್ಲಿಯೂ ಸಿದ್ಧವಾಗಿರುವ ಉತ್ತರ ಒಂದೇ: “ದಿನವೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಧ್ಯಾನ ಮಾಡು, ಎಲ್ಲ ಸರಿಹೋಗುತ್ತದೆ.” ಹೀಗೆ ಹೇಳುವವರು ದುಷ್ಟರಲ್ಲ, ಹಿತೈಷಿಗಳು. ಆದರೂ ಈ ಹಿತವಚನದಲ್ಲಿ ಅಡಗಿರುವ ಅನ್ಯಾಯವನ್ನು ವಿದ್ಯಾವಂತರ ಮನೆಗಳಾದರೂ ವಿಚಾರಿಸಿ ನೋಡಬೇಕು.

ಧ್ಯಾನವನ್ನು ಸಾಧನೆಯೆಂದು ಕೊಡಬಹುದು, ಔಷಧವೆಂದೂ ಕೊಡಬಹುದು. ಸಾಧನೆಯೆಂದು ಕೊಡುವವನು ರೋಗ ಗುಣವಾಗುವುದೆಂಬ ಭರವಸೆಯನ್ನು ಕೊಡಲಾಗದು. ಸಾಧನೆಯ ಫಲವೇ ಬೇರೆ, ಅದರ ಅವಧಿಯೇ ಬೇರೆ. ಔಷಧವೆಂದು ಕೊಡುವವನು ಔಷಧಕ್ಕಿರುವ ಕಟ್ಟಳೆಗಳಿಗೆ ಒಳಪಡಬೇಕು: ರೋಗವಾವುದೆಂದು ಮೊದಲು ನಿಶ್ಚಯವಾಗಬೇಕು, ಪ್ರಮಾಣವನ್ನು ಹೇಳಬೇಕು, ಯಾರಿಗೆ ಒಗ್ಗದೆಂಬುದನ್ನು ತಿಳಿದಿರಬೇಕು, ಗುಣ ಕಾಣದಿದ್ದರೆ ನಿಲ್ಲಿಸಿ ಬೇರೆ ದಾರಿಯನ್ನು ತೋರಬೇಕು. ಈಗಿನ ಬೋಧಕರಲ್ಲಿ ಅನೇಕರು ಈ ಎರಡರ ಗೌರವವನ್ನೂ ಬಯಸುವರು. ಎರಡರ ಹೊಣೆಯನ್ನೂ ಒಲ್ಲರು. ಫಲವನ್ನು ಸಾರುವಾಗ ಅದು ಔಷಧ. ಫಲವೇಕೆ ಬರಲಿಲ್ಲವೆಂದು ಕೇಳಿದಾಗ ಅದು ಸಾಧನೆ, ಸಾಧಕನ ಶ್ರದ್ಧೆ ಸಾಲದು!

ಔಷಧವೆಂಬ ಪಕ್ಷವನ್ನೇ ಮೊದಲು ಪರಿಶೀಲಿಸಬಹುದು. ಅಮೆರಿಕಾದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಎಂಬವರು 1979ರಲ್ಲಿ ರೋಗಿಗಳಿಗಾಗಿ ಧ್ಯಾನಕ್ರಮವೊಂದನ್ನು ಆರಂಭಿಸಿದರು. ಅದೀಗ 8 ವಾರಗಳ ಪಾಠವಾಗಿ ರೂಢಿಗೆ ಬಂದಿದೆ. 2014ರಲ್ಲಿ ಆ ದೇಶದ ಸಂಶೋಧಕರು ನಾನಾ ಬಗೆಯ ಧ್ಯಾನಗಳ ಮೇಲೆ ನಡೆದ 47 ಪ್ರಯೋಗಗಳನ್ನು, ಎಂದರೆ 3,515 ಮಂದಿಯ ಫಲಿತಾಂಶಗಳನ್ನು, ಒಟ್ಟುಗೂಡಿಸಿ ತೂಗಿ ನೋಡಿದರು. ಧ್ಯಾನದಿಂದ ಕಳವಳವು ತಕ್ಕಮಟ್ಟಿಗೆ ಇಳಿಯುವುದೆಂದು ತೋರಿಬಂದಿತು. ಆದರೆ ಔಷಧ ವ್ಯಾಯಾಮಾದಿ ಇತರ ಚಿಕಿತ್ಸೆಗಳಿಗಿಂತ ಅದು ಮೇಲೆನ್ನಲು ಆಧಾರ ದೊರೆಯಲಿಲ್ಲ. 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಧ್ಯಾನಪಕ್ಷದವರಿಗೆ ಬಹು ಪ್ರಿಯವಾದುದು. ಉದ್ವೇಗವ್ಯಾಧಿಯುಳ್ಳ 276 ಮಂದಿಯಲ್ಲಿ ಕೆಲವರಿಗೆ ಎಸಿಟಾಲೊಪ್ರಾಮ್ ಎಂಬ ಗುಳಿಗೆಯನ್ನೂ ಕೆಲವರಿಗೆ ಮೇಲೆ ಹೇಳಿದ ಧ್ಯಾನಕ್ರಮವನ್ನೂ ಕೊಟ್ಟು ನೋಡಲಾಗಿ, ಧ್ಯಾನವು ಗುಳಿಗೆಗೆ ಕಡಮೆಯಿಲ್ಲದಂತೆ ಫಲಿಸಿತು.

ಇದನ್ನು ಮುಚ್ಚಿಡಬೇಕಾದುದಿಲ್ಲ. ಆದರೆ ಫಲಿಸಿದುದು ಯಾವ ಧ್ಯಾನ? ವೈದ್ಯರು ಪರೀಕ್ಷಿಸಿ ರೋಗವನ್ನು ನಿಶ್ಚಯಿಸಿದ ಮೇಲೆ, ಶಿಕ್ಷಣ ಪಡೆದ ಗುರುವಿನ ಮುಂದೆ ವಾರಕ್ಕೊಮ್ಮೆ ಎರಡೂವರೆ ಗಂಟೆಯ ಕಾಲ, ಮನೆಯಲ್ಲಿ ಪ್ರತಿದಿನ 45 ನಿಮಿಷ, ನಡುವೆ ಒಂದು ಇಡೀ ದಿನ, ಹೀಗೆ 8 ವಾರ ಕುಳಿತ ಧ್ಯಾನ. ಅಷ್ಟು ಮೇಲ್ವಿಚಾರಣೆಯಿದ್ದರೂ ಎರಡೂ ಪಂಗಡಗಳಿಂದ ಕೊನೆಮುಟ್ಟಿದವರು 208 ಮಂದಿ. ಈ ಪ್ರಯೋಗದ ಹೆಸರನ್ನು ಹೇಳಿ, ಅಡುಗೆಯ ಕೆಲಸಕ್ಕೂ ಕಚೇರಿಯ ಬಸ್ಸಿಗೂ ನಡುವೆ ಕದ್ದ ಹತ್ತು ನಿಮಿಷವನ್ನು ಮದ್ದೆಂದು ಕೊಡುವುದು, ಬೆಲ್ಲವನ್ನು ತೋರಿಸಿ ಹಿಂಡಿಯನ್ನು ತೂಗಿಕೊಟ್ಟಂತೆ.

ಔಷಧವೆಂದಮೇಲೆ ಒಗ್ಗದವರ ಮಾತೂ ಬರಬೇಕು. 2020ರಲ್ಲಿ 83 ಅಧ್ಯಯನಗಳನ್ನು ಶೋಧಿಸಿದವರು, ಧ್ಯಾನಾಭ್ಯಾಸಿಗಳಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಅಹಿತಪರಿಣಾಮಗಳಾದುದನ್ನು ಲೆಕ್ಕಹಾಕಿದರು. ಆ ಪರಿಣಾಮಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದುದು ಯಾವುದು? ಕಳವಳವೇ! ಸ್ವಲ್ಪ ಯೋಚಿಸಿದರೆ ಇದು ಆಶ್ಚರ್ಯವಲ್ಲ. ಎದೆಬಡಿತಕ್ಕೆ ಹೆದರುವವನನ್ನು ಮೌನದಲ್ಲಿ ಕುಳ್ಳಿರಿಸಿ ಒಳಗನ್ನೇ ನೋಡೆಂದರೆ, ಅವನಿಗೆ ಕೇಳಿಸುವುದು ಆ ಎದೆಬಡಿತವೇ.

ಇಲ್ಲಿ ಸಂಪ್ರದಾಯಾಭಿಮಾನಿಗಳು, ಋಷಿಗಳ ವಿದ್ಯೆಗೆ ಪರದೇಶದ ಲೆಕ್ಕಾಚಾರವೇಕೆಂದು ಸಿಡಿಯಬಹುದು. ಒಳ್ಳೆಯದು, ಶಾಸ್ತ್ರವನ್ನೇ ತೆಗೆದು ನೋಡಲಿ. ಪತಂಜಲಿಯ ಅಷ್ಟಾಂಗಗಳಲ್ಲಿ ಧ್ಯಾನವು ಏಳನೆಯದು. ಆರು ಮೆಟ್ಟಿಲುಗಳನ್ನು ಹಾರಿ ಏಳನೆಯದರ ಮೇಲೆ ಕಾಲಿಡೆಂದು ಆತನು ಯಾರಿಗೂ ಹೇಳಲಿಲ್ಲ. ಚಿತ್ತವಿಕ್ಷೇಪಗಳನ್ನು ಎಣಿಸುವಾಗ ಆತನು ಮೊದಲು ಹೆಸರಿಸಿದುದು ವ್ಯಾಧಿಯನ್ನು. ಅವುಗಳ ಬೆನ್ನಿಗೆ ಬರುವ ದುಃಖ, ಮನಸ್ಸಿನ ಕುಗ್ಗು, ಅಂಗಾಂಗಗಳ ನಡುಕ, ಉಸಿರಿನ ಏರುಪೇರು, ಈ ನಾಲ್ಕನ್ನು ಓದಿದರೆ ಇಂದಿನ ವೈದ್ಯನ ರೋಗವಿವರಣೆಯನ್ನೇ ಓದಿದಂತಾಗುವುದು. ಇವುಗಳ ಶಮನಕ್ಕೆ ಹೇಳಿದ ಉಪಾಯಗಳಲ್ಲಿ ಮೈತ್ರಿ ಕರುಣಾದಿಗಳೂ ಉಸಿರನ್ನು ಹೊರಬಿಟ್ಟು ತಡೆಯುವ ಅಭ್ಯಾಸವೂ ಮೊದಲು ಬರುವುವು. ಇಷ್ಟವಾದುದನ್ನು ಧ್ಯಾನಿಸುವುದು ಪಟ್ಟಿಯ ಕಟ್ಟಕಡೆಗೆ. (ಆತಂಕವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ರೋಗವೆಂದೂ ಭಯವೆಂದೂ ಅರ್ಥಗಳಿವೆ, ಕನ್ನಡವು ಅದಕ್ಕೆ ಅಡ್ಡಿಯೆಂಬ ಅರ್ಥವನ್ನೂ ಸೇರಿಸಿಕೊಂಡಿತು. ಮೂರೂ ಒಂದೇ ಎಡೆಯಲ್ಲಿ ಕೂಡಿರುವುದನ್ನು ಪತಂಜಲಿಯು ಕಂಡಿದ್ದನು.)

ಭಗವದ್ಗೀತೆಯ ಸಾಕ್ಷ್ಯವು ಇದಕ್ಕಿಂತಲೂ ಸ್ಪಷ್ಟ. ಮೊದಲನೆಯ ಅಧ್ಯಾಯದಲ್ಲಿ ಅರ್ಜುನನ ಬಾಯಿ ಒಣಗುವುದು, ಮೈ ನಡುಗುವುದು, ಚರ್ಮ ಉರಿಯುವುದು, ಗಾಂಡೀವವು ಕೈಯಿಂದ ಜಾರುವುದು. ಶ್ರೀಕೃಷ್ಣನು ಆಗ ಕಣ್ಣು ಮುಚ್ಚಿಕೊಳ್ಳೆಂದು ಹೇಳಿದನೆ? ಮೊದಲು ಗದರಿಸಿದನು, ನಿಜ. ಗದರಿಕೆ ನಾಟದಿರಲು, ಎರಡು ಸೇನೆಗಳನ್ನೂ ಕಾಯಿಸಿ ಮಾತಿಗೆ ತೊಡಗಿದನು; ಪ್ರಶ್ನೆಗಳನ್ನು ಕೇಳಿಸಿಕೊಂಡನು; ಹೇಳಿದುದನ್ನೇ ಬೇರೆ ಬೇರೆಯಾಗಿ ಹೇಳಿದನು. ಧ್ಯಾನದ ವಿಸ್ತಾರವಾದ ಬೋಧನೆ ಬರುವುದು ಆರನೆಯ ಅಧ್ಯಾಯದಲ್ಲಿ. ಅತಿಯಾಗಿ ಎಚ್ಚತ್ತಿರುವವನಿಗೆ ಈ ಯೋಗವಿಲ್ಲವೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆಂದು ಶಿಷ್ಯನು ಆಕ್ಷೇಪಿಸಿದರೆ, ಸಂಶಯವಿಲ್ಲವೆಂದು ಗುರುವು ಒಪ್ಪಿಕೊಂಡನು; ನಿನ್ನ ಶ್ರದ್ಧೆ ಸಾಲದೆಂದು ಮೂದಲಿಸಲಿಲ್ಲ. ನಿದ್ರೆಯಿಲ್ಲದೆ ಬಳಲುವವನನ್ನು ಪ್ರಾತಃಕಾಲ ನಾಲ್ಕು ಗಂಟೆಗೆ ಎಬ್ಬಿಸಿ ಕುಳ್ಳಿರಿಸುವ ಬೋಧಕರು ಗೀತೆಯ ಯಾವ ಪಾಠವನ್ನು ಓದಿದ್ದಾರೆಯೋ ತಿಳಿಯದು.

ಮನೆಗಳಲ್ಲಿ ನಡೆಯುವ ಅನರ್ಥಕ್ಕೆ ಬಂದರೆ, ಎದೆಬಡಿತ, ಕೈನಡುಕ, ಬೆವರು, ನಿದ್ರಾನಾಶಗಳು ಥೈರಾಯಿಡ್ ಗ್ರಂಥಿಯ ಅತಿಸ್ರಾವದಿಂದಲೂ ಬರುವುವು. ರಕ್ತಹೀನತೆಯಿಂದಲೂ ಎದೆ ಬಡಿದುಕೊಳ್ಳುವುದು. ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದಾದುದಕ್ಕೆ ಸೊಸೆಯು ವರ್ಷಗಟ್ಟಲೆ ದೇವರ ಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರೆ ಆ ದೋಷ ಯಾರದು? ಇನ್ನು ಮಗನ ಪರೀಕ್ಷಾಭಯ. ನೂರಕ್ಕೆ ತೊಂಬತ್ತೈದು ಅಂಕಗಳು ಬಾರದಿದ್ದರೆ ಊಟದ ಹೊತ್ತಿನಲ್ಲಿ ಮುಖ ಗಂಟಿಕ್ಕುವ ತಂದೆಯೇ ಅವನನ್ನು ಧ್ಯಾನದ ತರಗತಿಗೂ ಸೇರಿಸುವನು! ಬ್ರಿಟನ್ನಿನಲ್ಲಿ 8 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಶಾಲೆಗಳಲ್ಲಿ ಇಂಥ ಪಾಠವನ್ನು ನಡೆಯಿಸಿ ನೋಡಿ, ಎಂದಿನ ಪಾಠಕ್ರಮಕ್ಕಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲವೆಂದು 2022ರಲ್ಲಿ ಪ್ರಕಟಿಸಿದರು. ತಂದೆಯ ಗಂಟಿಕ್ಕಿದ ಮುಖವು ಮಗನ ಧ್ಯಾನದಿಂದ ಸಡಿಲವಾಗುವುದೆ?

ಎಲ್ಲಕ್ಕಿಂತ ಕ್ರೂರವಾದುದು ಇನ್ನೊಂದಿದೆ. ಗುಳಿಗೆ ಫಲಿಸದಿದ್ದರೆ ಜನರು ಗುಳಿಗೆಯನ್ನು ದೂರುವರು. ಧ್ಯಾನ ಫಲಿಸದಿದ್ದರೆ ರೋಗಿಯು ತನ್ನನ್ನೇ ದೂರಿಕೊಳ್ಳುವನು. ಮೊದಲು ಒಂದು ಕಳವಳವಿದ್ದವನಿಗೆ, ಧ್ಯಾನವೂ ತನ್ನಿಂದಾಗದೆಂಬ ಮತ್ತೊಂದು ಕಳವಳ. ಅವನು ಮತ್ತೆ ಬಾಯಿಬಿಡುವುದಿಲ್ಲ. ಮನೆಯವರು, ಹುಡುಗ ಈಗ ಶಾಂತನಾಗಿದ್ದಾನೆಂದು ನೆರೆಹೊರೆಯವರಿಗೆ ಹೇಳುವರು. ಅನೇಕ ಮನೆಗಳಲ್ಲಿ “ಧ್ಯಾನ ಮಾಡು” ಎಂಬುದು “ಸುಮ್ಮನಿರು” ಎಂಬುದರ ಸೌಮ್ಯರೂಪವಾಗಿಬಿಟ್ಟಿದೆ.

ಧ್ಯಾನವನ್ನು ಬಿಡಬೇಕೆಂಬುದು ಇದರ ತಾತ್ಪರ್ಯವಲ್ಲ. ನಿಮಿಷಕ್ಕೆ ಆರರಂತೆ ನಿಧಾನವಾಗಿ ಉಸಿರಾಡುವುದರಿಂದ ಹೃದಯದ ಗತಿಯು ಉಸಿರಿನ ತಾಳಕ್ಕೆ ಹೊಂದಿಕೊಂಡು ಏರಿಳಿಯುವುದೆಂಬುದು ಪ್ರಯೋಗಸಿದ್ಧ. ದಿನನಿತ್ಯದ ಚಿಂತೆಯುಳ್ಳವನಿಗೆ ಮೌನದ ಅರ್ಧಗಂಟೆ ಹಿತವೇ. ಚಿಕಿತ್ಸೆ ಪಡೆಯುತ್ತಿರುವವನು ವೈದ್ಯರನ್ನು ಕೇಳಿಕೊಂಡು, ಅದರೊಡನೆ ಇದನ್ನೂ ನಡಸಬಹುದು. ಬೋಧಕನಾದವನು ಮೊದಲ ದಿನವೇ, ವೈದ್ಯರಿಗೆ ತೋರಿಸಿದ್ದೀರಾ, ನಿದ್ರೆ ಹೇಗಿದೆ, ಹಿಂದೆ ಆಘಾತವೇನಾದರೂ ಆಗಿದೆಯೆ ಎಂದು ಕೇಳಲಿ. ನಡೆಯುತ್ತಿರುವ ಗುಳಿಗೆಯನ್ನು ನಿಲ್ಲಿಸೆಂದು ಎಂದಿಗೂ ಹೇಳದಿರಲಿ. ಕುಳಿತವನ ಕಳವಳ ಹೆಚ್ಚಿದರೆ ಕಣ್ಣು ತೆರೆದು ಎದ್ದು ನಡೆದಾಡಲು ಬಿಡಲಿ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಕಳವಳ ಖಿನ್ನತೆಗಳಂಥ ಸಾಮಾನ್ಯ ಮನೋವ್ಯಾಧಿಗಳುಳ್ಳವರಲ್ಲಿ ನೂರಕ್ಕೆ 85 ಮಂದಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ. 2022ರ ಅಕ್ಟೋಬರ್ 10ರಂದು ಸರ್ಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ತೆರೆಯಿತು. ಅದರ ಸಂಖ್ಯೆ 14416. ಹಗಲಿರುಳೂ ಕರೆಯಬಹುದು, ಹಣ ಕೊಡಬೇಕಾದುದಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಧ್ಯಾನಶಿಬಿರದ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತುಹಾಕಿಟ್ಟಿರುವ ಮನೆಗಳಲ್ಲಿ, ಅದರ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಬರೆದುಕೊಂಡಿರುವವು ಎಷ್ಟಿವೆ?