ಬೆವರುವ ಗಡಿಗೆ, ಬಿಸಿಯಾಗುವ ಸರ್ವರ್: ಬೆಳಗಾವಿ ಕೇಳಬೇಕಾದ ಎರಡು ಲೆಕ್ಕ

ಖಾನಾಪುರ ತಾಲ್ಲೂಕಿನ ಒಂದು ಸೇವಾ ಕೇಂದ್ರ. ಏಪ್ರಿಲ್ ತಿಂಗಳ ಮಧ್ಯಾಹ್ನ. ಪಹಣಿ ತೆಗೆಸಲು ಬಂದಿದ್ದ ಅಜ್ಜ ಮೂರನೇ ಸಲ ಕಿಟಕಿ ಹತ್ತಿರ ಹೋದರು. ಒಳಗಿದ್ದ ಹುಡುಗ ತಲೆ ಎತ್ತದೆಯೇ ಹೇಳಿದ, "ಸರ್ವರ್ ಡೌನ್ ಐತ್ರಿ ಅಜ್ಜಾರ, ನಾಳಿ ಬರ್ರಿ." ಅಜ್ಜ ನಮ್ಮ ಕಡೆ ತಿರುಗಿ ಕೇಳಿದರು, "ಈ ಸರ್ವರ್ ಅನ್ನೂದು ಎಲ್ಲೈತಿ ತಮ್ಮಾ? ಅದಕ್ಕೇನಾಗೇತಿ?"

ನಮಗೆ ಉತ್ತರ ಹೊಳೆಯಲಿಲ್ಲ. ಕೆರೆ ಎಲ್ಲಿದೆ, ಕಾಲುವೆ ಎಲ್ಲಿ ಒಡೆದಿದೆ, ಟಿಸಿ ಎಂದು ಸುಟ್ಟಿತು ಎಂದೆಲ್ಲ ಬರೆಯುವ ನಾವು, ದಿನಕ್ಕೆ ಹತ್ತು ಸಲ ಕೇಳುವ ಈ ಸರ್ವರ್ ಎಲ್ಲಿದೆ, ಏನು ಉಣ್ಣುತ್ತದೆ, ಏನು ಕುಡಿಯುತ್ತದೆ ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಈಗ ವಿಚಾರಿಸುವ ಕಾಲ ಬಂದಿದೆ. ಯಾಕೆಂದರೆ ಅದು ನಮ್ಮ ಕಡೆಗೇ ಬರಲಿ ಎಂದು ಸರ್ಕಾರ ಕರೆಯುತ್ತಿದೆ.

ಕರ್ನಾಟಕ ಸರ್ಕಾರ 2022-27ರ ಅವಧಿಗೆ ಡೇಟಾ ಸೆಂಟರ್ ನೀತಿಯೊಂದನ್ನು ತಂದಿದೆ. ರಾಜ್ಯದಲ್ಲಿ 200 ಮೆಗಾವ್ಯಾಟ್‌ಗೂ ಹೆಚ್ಚು ಸಾಮರ್ಥ್ಯದ ಡೇಟಾ ಸೆಂಟರ್‌ಗಳು ಆಗಬೇಕು ಎಂಬುದು ಅದರ ಗುರಿ. ಬೆಂಗಳೂರಿನ ಆಚೆ ಬರುವವರಿಗೆ ರಿಯಾಯಿತಿಗಳಿವೆ. 'ಬಿಯಾಂಡ್ ಬೆಂಗಳೂರು' ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ಗುಚ್ಛವೆಂದು ಗುರುತಿಸಲಾಗಿದೆ. ಬರಲಿ, ನಮ್ಮ ವಿರೋಧವಿಲ್ಲ. ಇಂಜಿನಿಯರಿಂಗ್ ಮುಗಿಸಿದ ನಮ್ಮ ಊರಿನ ಹುಡುಗ ಹುಡುಗಿಯರು ಪುಣೆ, ಬೆಂಗಳೂರಿನ ಬಸ್ಸು ಹತ್ತುವುದು ಕಡಿಮೆಯಾದರೆ ನಮಗೂ ಸಂತೋಷವೇ. ಆದರೆ ಬರುವವರನ್ನು ಎರಡು ಲೆಕ್ಕ ಕೇಳಿಯೇ ಒಳಗೆ ಬಿಡಬೇಕು ಎಂಬುದು ನಮ್ಮ ವಾದ. ಒಂದು ಕರೆಂಟಿನ ಲೆಕ್ಕ, ಇನ್ನೊಂದು ನೀರಿನ ಲೆಕ್ಕ.

ಮೊದಲು ಕರೆಂಟು. ಸರ್ವರ್ ಅಂದರೆ ಹಗಲು ರಾತ್ರಿ ಉರಿಯುವ ಕಂಪ್ಯೂಟರ್. ಅದು ತಿಂದ ಕರೆಂಟು ಹೆಚ್ಚುಕಡಿಮೆ ಪೂರ್ತಿ ಶಾಖವಾಗಿ ಹೊರಬರುತ್ತದೆ. ಆ ಶಾಖವನ್ನು ಹೊರಹಾಕದಿದ್ದರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ಮೊದಲು ನಿಧಾನವಾಗುತ್ತದೆ, ಆಮೇಲೆ ನಿಂತೇಬಿಡುತ್ತದೆ. ಅಜ್ಜನ ಪಹಣಿ ಅಂದು ಸಿಗದಿರಲು ನೆಟ್‌ವರ್ಕ್, ಸಾಫ್ಟ್‌ವೇರ್, ಕರೆಂಟು ಹೀಗೆ ಯಾವುದೂ ಕಾರಣವಾಗಿರಬಹುದು. ಸರ್ವರ್ ನಿಲ್ಲುವ ಕಾರಣಗಳಲ್ಲಿ ಶಾಖವೂ ಒಂದು.

ಶಾಖ ಹೊರಹಾಕಲು ಮತ್ತೆ ಕರೆಂಟು ಬೇಕು. ಇದನ್ನು ಅಳೆಯಲು 2007ರಿಂದ ಒಂದು ಅಳತೆ ಬಳಕೆಯಲ್ಲಿದೆ, ಹೆಸರು ಪಿಯುಇ. ಇಡೀ ಕಟ್ಟಡ ಬಳಸುವ ಕರೆಂಟನ್ನು ಕಂಪ್ಯೂಟರ್‌ಗಳಷ್ಟೇ ಬಳಸುವ ಕರೆಂಟಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 1 ಬಂದರೆ ಒಂದು ಯೂನಿಟ್ಟೂ ವ್ಯರ್ಥವಾಗಿಲ್ಲ ಎಂದರ್ಥ. 2 ಬಂದರೆ ಕೆಲಸಕ್ಕೆ ಎಷ್ಟು ಹೋಯಿತೋ ಅಷ್ಟೇ ತಂಪು ಮಾಡುವುದು ಮುಂತಾದ ಮೇಲುಖರ್ಚಿಗೂ ಹೋಯಿತು. ಜಗತ್ತಿನ ಸರಾಸರಿ ಕೆಲವು ವರ್ಷಗಳಿಂದ 1.6ರ ಆಸುಪಾಸಿನಲ್ಲೇ ನಿಂತಿದೆ. ಗೂಗಲ್ ತನ್ನ ಕೇಂದ್ರಗಳ ಸರಾಸರಿ 1.1ರ ಹತ್ತಿರ ಎನ್ನುತ್ತದೆ.

ಈ ದಶಾಂಶಗಳಲ್ಲಿ ಏನಿದೆ ಎಂದು ಕೇಳಬೇಡಿ, ಲೆಕ್ಕ ಹಾಕಿ ನೋಡಿ. ಒಂದು ಮೆಗಾವ್ಯಾಟ್ ಕಂಪ್ಯೂಟರ್‌ಗಳಿರುವ ಸಣ್ಣ ಕೇಂದ್ರ ಪಿಯುಇ 1.8ರಲ್ಲಿ ನಡೆಯುವ ಬದಲು 1.3ರಲ್ಲಿ ನಡೆದರೆ ವರ್ಷಕ್ಕೆ ಸುಮಾರು 43 ಲಕ್ಷ 80 ಸಾವಿರ ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ಮಿತಿ ಇದೆಯಲ್ಲ, ಆ ಮಿತಿಯಷ್ಟೂ ಬಳಸುವ 1,825 ಮನೆಗಳ ವರ್ಷದ ಕರೆಂಟು ಅದು. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ತಾಸು ತ್ರೀಫೇಸ್ ಸಿಕ್ಕರೆ ಸಾಕು ಎಂದು ರಾತ್ರಿ ಹೊಲದಲ್ಲಿ ಕಾಯುವ ರೈತನ ಪಕ್ಕದಲ್ಲೇ 24 ತಾಸು ಕರೆಂಟಿನ ಕಟ್ಟಡ ಎದ್ದು ನಿಲ್ಲುವುದಾದರೆ, ಅದು ವ್ಯರ್ಥ ಮಾಡುವ ಪ್ರತಿ ಯೂನಿಟ್ಟಿಗೂ ಉತ್ತರ ಕೊಡಬೇಕು.

ಇನ್ನು ನೀರು. ಖಾನಾಪುರದ ಹೆಸರು ಕೇಳಿದರೆ ನಮಗೆ ನೆನಪಾಗುವುದು ಹೆಂಚು, ಇಟ್ಟಿಗೆ, ಗಡಿಗೆ. ಇಲ್ಲಿನ ಮಣ್ಣಿನ ಗುಣಕ್ಕೇ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇಲ್ಲಿ ನೆಲೆಸಿದೆ. ಕುಂಬಾರಿಕೆ ಮಾಡುವ ಹಿರಿಯರೊಬ್ಬರು ನಮಗೆ ಹೇಳಿದ್ದು ಒಂದೇ ಮಾತು: "ಬೆವರದ ಗಡಿಗ್ಯಾಗ ನೀರು ತಂಪಾಗಂಗಿಲ್ರಿ." ಡೇಟಾ ಸೆಂಟರಿನ ಕೂಲಿಂಗ್ ಟವರ್ ಮಾಡುವುದೂ ಇದನ್ನೇ. ನೀರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಬರೀ ಏಸಿ ಯಂತ್ರಗಳಿಂದ ತಂಪು ಮಾಡುವುದಕ್ಕಿಂತ ಇದರಲ್ಲಿ ಕರೆಂಟು ಬಹಳ ಉಳಿಯುತ್ತದೆ. ಆದರೆ ಗಡಿಗೆ ಬೆವರಿದಷ್ಟೂ ಒಳಗಿನ ನೀರು ಕಡಿಮೆಯಾಗುತ್ತದೆ ಎಂಬುದು ಮನೆಯಲ್ಲಿ ಗಡಿಗೆ ಇಟ್ಟವರಿಗೆಲ್ಲ ಗೊತ್ತು.

ಒಂದು ಯೂನಿಟ್ ಕರೆಂಟಿನ ಶಾಖವನ್ನು ಆವಿಯ ಮೂಲಕ ಕಳೆಯಲು ಸುಮಾರು ಒಂದೂವರೆ ಲೀಟರ್ ನೀರು ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಯಾವ ಕಂಪನಿಯೂ ಇದನ್ನು ಬದಲಿಸಲಾಗದು. ಒಂದು ಮೆಗಾವ್ಯಾಟ್ ಕೇಂದ್ರ ವರ್ಷವಿಡೀ ಹೀಗೇ ತಂಪಾದರೆ ದಿನಕ್ಕೆ 36 ಸಾವಿರ ಲೀಟರ್ ಆವಿಯಾಗುತ್ತದೆ. ತಲೆಗೆ 135 ಲೀಟರ್‌ನಂತೆ ನಗರದ 266 ಜನರ ನೀರು. ನೀತಿಯ ಗುರಿಯಾದ 200 ಮೆಗಾವ್ಯಾಟ್‌ಗೆ ಇದೇ ಲೆಕ್ಕ ಹಾಕಿದರೆ ದಿನಕ್ಕೆ 72 ಲಕ್ಷ ಲೀಟರ್, ಅಂದರೆ 53 ಸಾವಿರ ಜನರ ನೀರು. ಹಾಗಾಗಿ ಪಿಯುಇ ಒಂದನ್ನೇ ತೋರಿಸಿ "ನಮ್ಮದು ಹಸಿರು ಕೇಂದ್ರ" ಎನ್ನುವವರನ್ನು ನಾವು ನಂಬಬಾರದು. ಕರೆಂಟು ಉಳಿಸಿದ್ದು ನೀರು ಸುರಿದೋ, ಜಾಣತನದಿಂದಲೋ ಎಂದು ಕೇಳಬೇಕು.

ಖಾನಾಪುರದಲ್ಲಿ ಮಳೆಗೇನು ಬರ ಎಂದು ಯಾರಾದರೂ ಹೇಳಿಯಾರು. ಕಣಕುಂಬಿ, ಆಮಗಾಂವ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿನಲ್ಲಿರುವುದು ನಿಜ. ಮಲಪ್ರಭೆ ಹುಟ್ಟುವುದೂ ಕಣಕುಂಬಿಯಲ್ಲೇ. ಆದರೆ ಆ ನೀರಿಗೆ ಹಕ್ಕುದಾರರು ಎಷ್ಟು ಮಂದಿ? ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿಕೆ ಮಾಡಿತು. ಕಳಸಾ-ಬಂಡೂರಿಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಹೋರಾಟಕ್ಕೆ ಕುಳಿತರು. ಇತ್ತ ಭೀಮಗಡದ ಕಾಡಿಗೆ ಏನಾದೀತು ಎಂದು ಖಾನಾಪುರದವರಿಗೆ ಚಿಂತೆ. ಇಷ್ಟು ಜಗಳದ ನೀರಿಗೆ ಇನ್ನೊಂದು ಪೈಪು ಜೋಡಿಸುವುದು ನ್ಯಾಯವಲ್ಲ. ಬೆಳಗಾವಿ ನಗರ ಕುಡಿಯುವ ರಕ್ಕಸಕೊಪ್ಪ ಮತ್ತು ಹಿಡಕಲ್ ನೀರಿಗೂ ಇದೇ ಮಾತು. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಬೆಂಗಳೂರು ಟ್ಯಾಂಕರ್ ಹಿಂದೆ ಓಡಿದ್ದನ್ನು ನೋಡಿದ್ದೇವೆ. ಆ ಪಾಠವನ್ನು ನಾವು ಮತ್ತೆ ದುಡ್ಡು ಕೊಟ್ಟು ಕಲಿಯಬೇಕಿಲ್ಲ.

ಹಾಗಾದರೆ ದಾರಿ? ದಾರಿ ನಮ್ಮ ಹವೆಯಲ್ಲೇ ಇದೆ. ಸರ್ವರ್‌ಗಳಿಗೆ ನಾವು ಅಂದುಕೊಂಡಷ್ಟು ಚಳಿ ಬೇಕಾಗಿಲ್ಲ. ಒಳಹೋಗುವ ಗಾಳಿ 18ರಿಂದ 27 ಡಿಗ್ರಿ ಇದ್ದರೆ ಸಾಕು ಎಂದು ಈ ಕ್ಷೇತ್ರದವರು ಒಪ್ಪಿದ ಅಮೆರಿಕದ ಆಶ್ರೇ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಮಳೆಗಾಲದ ಹಗಲು, ಚಳಿಗಾಲದ ರಾತ್ರಿ, ಬೇಸಿಗೆಯ ಬೆಳಗಿನ ಜಾವ, ಇಷ್ಟೂ ಹೊತ್ತು ಹೊರಗಿನ ಗಾಳಿಯೇ ಬಹುಪಾಲು ಕೆಲಸ ಮಾಡಬಲ್ಲದು. ಏಸಿ ಕಂಪ್ರೆಸರಿಗೆ ಪೂರ್ತಿ ಕೆಲಸ ಬೀಳುವುದು ಮಾರ್ಚ್‌ನಿಂದ ಮೇವರೆಗಿನ ಬಿಸಿ ತಾಸುಗಳಲ್ಲಿ ಮಾತ್ರ. ಆ ಒಣ ಬಿಸಿಲಿನ ಹೊತ್ತಿಗಷ್ಟೇ ನೀರಿನ ತಂಪನ್ನು ಹಿತಮಿತವಾಗಿ ಬಳಸಬಹುದು.

ಇದರಲ್ಲೂ ತೊಡಕಿಲ್ಲವೆಂದಲ್ಲ. ಆಷಾಢದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ. ಅಂಥ ಗಾಳಿ ನೇರವಾಗಿ ಒಳಬಿಟ್ಟರೆ ಯಂತ್ರ ಕೆಡುತ್ತದೆ. ಉದ್ಯಮಬಾಗ್, ಮಚ್ಛೆ ಕಡೆ ಫೌಂಡ್ರಿಗಳ ಧೂಳೂ ಇದೆ. ಅದಕ್ಕೇ ಹೊರಗಿನ ಗಾಳಿ ಒಳಗಿನ ಗಾಳಿಯನ್ನು ಮುಟ್ಟದೆ, ನಡುವಿನ ಲೋಹದ ತಗಡಿನ ಮೂಲಕ ಶಾಖವನ್ನಷ್ಟೇ ಎಳೆದುಕೊಳ್ಳುವ ವ್ಯವಸ್ಥೆ ಬೇಕು. ಅದು ಹೊಸ ವಿದ್ಯೆಯೇನಲ್ಲ.

ಫೌಂಡ್ರಿ ಎಂದಾಗ ಇನ್ನೊಂದು ಮಾತು ಹೇಳಲೇಬೇಕು. ಕೃತಕ ಬುದ್ಧಿಮತ್ತೆಯ ಹೊಸ ಯಂತ್ರಗಳು ಎಷ್ಟು ಬಿಸಿ ಎಂದರೆ, ಒಂದೇ ಕಪಾಟಿನಷ್ಟು ಜಾಗದಲ್ಲಿ ನೂರು ಕಿಲೋವ್ಯಾಟ್ ದಾಟುತ್ತದೆ. ಗಾಳಿಯಿಂದ ಅದು ತಣಿಯುವುದಿಲ್ಲ, ಚಿಪ್ಪಿನ ಮೇಲೆಯೇ ಕೊಳವೆಯಲ್ಲಿ ದ್ರವ ಹರಿಸಬೇಕು. ಈ ದ್ರವ ಸುತ್ತಿ ಸುತ್ತಿ ಅದೇ ಕೊಳವೆಗೆ ಮರಳುತ್ತದೆ, ಆವಿಯಾಗುವುದಿಲ್ಲ. ಹೊತ್ತು ತಂದ ಶಾಖವನ್ನು ಹೊರಗಡೆ ಫ್ಯಾನುಗಳಿಂದಲೇ ಕಳೆದರೆ ನೀರೂ ಉಳಿಯುತ್ತದೆ. ಬೆಳಗಾವಿಯ ಇಂಡಕ್ಷನ್ ಕುಲುಮೆಗಳಲ್ಲಿ ತಾಮ್ರದ ಸುರುಳಿಯೊಳಗೆ ನೀರು ಹರಿಸಿ ತಂಪು ಮಾಡುವ ಕಾರ್ಮಿಕರಿಗೆ ಇದು ಅಪರಿಚಿತವೇ? ಪಂಪು, ವಾಲ್ವು, ಹೈಡ್ರಾಲಿಕ್ ಬಿಡಿಭಾಗ ಮಾಡುವ ಕೈಗಳು ಈ ಊರಲ್ಲೇ ಇವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯೂ ಇಲ್ಲೇ ಇದೆ. ಡೇಟಾ ಸೆಂಟರ್ ಕಟ್ಟಿ ಮುಗಿದ ಮೇಲೆ ಅದರೊಳಗೆ ಹೆಚ್ಚು ಜನಕ್ಕೆ ಕೆಲಸವಿರುವುದಿಲ್ಲ. ಆದರೆ ಅದರ ತಂಪಿನ ಸಾಮಾನು ಇಲ್ಲೇ ತಯಾರಾದರೆ ಕೆಲಸ ಊರಲ್ಲಿ ಉಳಿಯುತ್ತದೆ.

ದೊಡ್ಡವರು ಬರುವವರೆಗೆ ಕಾಯಬೇಕಿಲ್ಲ, ಇವತ್ತೇ ಮಾಡಬಹುದಾದ್ದೂ ಇದೆ. ಬ್ಯಾಂಕು, ಆಸ್ಪತ್ರೆ, ಕಾಲೇಜು, ಸೊಸೈಟಿಗಳಲ್ಲಿ ಸಣ್ಣ ಸಣ್ಣ ಸರ್ವರ್ ಕೋಣೆಗಳಿವೆ. ನಗರದ ಅಂಥ ಒಂದು ಕೋಣೆಗೆ ನಾವು ಹೋದಾಗ ಏಸಿ 18ಕ್ಕೆ ಇತ್ತು, ಅಲ್ಲಿನ ಸಿಬ್ಬಂದಿ ಸ್ವೆಟರ್ ಹಾಕಿಕೊಂಡಿದ್ದರು. ಸರ್ವರಿನ ಹಿಂಬದಿಯಿಂದ ಬಂದ ಬಿಸಿಗಾಳಿ ಕಪಾಟಿನ ಖಾಲಿ ಸಂದಿಯಲ್ಲಿ ನುಸುಳಿ ಮತ್ತೆ ಮುಂಬದಿಗೇ ಬರುತ್ತಿತ್ತು. ಆ ಸಂದಿಗಳಿಗೆ ತಗಡು ಮುಚ್ಚುವುದು, ತಂಪು ಗಾಳಿ ಮತ್ತು ಬಿಸಿ ಗಾಳಿಯ ಓಣಿಗಳನ್ನು ಬೇರೆ ಮಾಡುವುದು, ಏಸಿಯನ್ನು 24ಕ್ಕೆ ಏರಿಸುವುದು, ಇವಕ್ಕೆ ಸಾವಿರಾರು ಕೋಟಿ ಬೇಡ. ಏಸಿಯಲ್ಲಿ ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತಲೇ ಬಂದಿದೆ.

ಸರ್ಕಾರಕ್ಕೆ ನಮ್ಮ ಒತ್ತಾಯ ಮೂರು. ಒಂದು, ರಿಯಾಯಿತಿಯನ್ನು ಹೂಡಿಕೆಯ ಮೊತ್ತಕ್ಕಷ್ಟೇ ಅಲ್ಲ, ದಕ್ಷತೆಗೂ ಕಟ್ಟಿ. ಹೇಳಿದ ಪಿಯುಇ ಸಾಧಿಸದಿದ್ದರೆ ರಿಯಾಯಿತಿ ವಾಪಸ್ಸಾಗಲಿ. ಎರಡು, ಪ್ರತಿ ಕೇಂದ್ರ ಎಷ್ಟು ಯೂನಿಟ್, ಎಷ್ಟು ಲೀಟರ್ ಬಳಸಿತು ಎಂಬುದನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಲಿ, ಬೇಸಿಗೆಯ ಲೆಕ್ಕ ಬೇರೆಯಾಗಿಯೇ ಇರಲಿ. ಮೂರು, ಕುಡಿಯುವ ನೀರು ಒಂದು ಹನಿಯೂ ಬೇಡ, ನಗರದ ಶುದ್ಧೀಕರಿಸಿದ ಕೊಳಚೆ ನೀರು ಮಾತ್ರ. ಅದರಲ್ಲೂ ಬಳ್ಳಾರಿ ನಾಲೆಯ ಹೊಲಸು ನೀರು ವರ್ಷವರ್ಷ ತಮ್ಮ ಗದ್ದೆಗೆ ನುಗ್ಗುವುದನ್ನು ಸಹಿಸಿಕೊಂಡ ರೈತರಿಗೆ ಶುದ್ಧ ಮಾಡಿದ ನೀರಿನ ಮೊದಲ ಪಾಲು ಸಿಗಲಿ.

ಇದೆಲ್ಲ ಕೇಳಿದರೆ ಕಂಪನಿಗಳು ಬೇರೆ ಊರಿಗೆ ಹೋಗುತ್ತವೆ ಎಂದು ಹೆದರಿಸುವವರಿದ್ದಾರೆ. ಹೋಗುವವರು ಹೋಗಲಿ. ನಮ್ಮಲ್ಲಿರುವ ತಂಪು ಹವೆ ಅವರಿಗೆ ವರ್ಷವರ್ಷ ಕರೆಂಟು ಬಿಲ್ಲಿನಲ್ಲಿ ಉಳಿತಾಯ ಕೊಡುತ್ತದೆ. ಮಾರಲು ಸರಕಿದ್ದವರು ಚೌಕಾಸಿ ಮಾಡಲು ನಾಚಬೇಕಿಲ್ಲ.

ಆ ಅಜ್ಜ ಮತ್ತೆ ಸಿಕ್ಕರೆ ಈಗ ನಾವು ಉತ್ತರ ಹೇಳಬಲ್ಲೆವು. ಸರ್ವರ್ ಅನ್ನೂದು ಆಕಾಶದಾಗಿಲ್ಲ ಅಜ್ಜಾರ, ನೆಲದ ಮ್ಯಾಲೇ ಐತಿ. ನಮ್ಮ ಹಂಗ ಅದಕ್ಕೂ ಕರೆಂಟು ಬೇಕು, ನೀರು ಬೇಕು. ನಾಳೆ ಅದು ನಮ್ಮೂರಿಗೇ ಬಂದರ, ಎಷ್ಟು ಬೇಕು ಅಂತ ಗ್ರಾಮಸಭೆಯಾಗ ಮೊದಲು ನೀವೇ ಕೇಳ್ರಿ.