ಸ್ವಿಚ್ ಫೋನಿನಲ್ಲಿದ್ದರೂ ಕೊನೇ ಮಾತು ಮೆಷಿನ್ ಹತ್ತಿರ ಇರೋರದ್ದೇ



ಗೊಟ್ಟಿಗೆರೆ, ಕಾಳೇನ ಅಗ್ರಹಾರ, ಬಸವನಪುರದ ಕಡೆ ಅಲ್ಪ ಸ್ವಲ್ಪ ತೋಟ, ಎರಡು ಹಸು ಉಳಿಸ್ಕೊಂಡಿರೋ ನಮ್ಮಂಥವರ ಮನೆಗೂ ಈಗ ವೈಫೈ ಬಂದಿದೆ. ಕೊಟ್ಟಿಗೆಗೆ ಕ್ಯಾಮೆರಾ, ಅಂಗಳದ ಲೈಟಿಗೆ ಸ್ಮಾರ್ಟ್ ಪ್ಲಗ್, ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್. ಬೇಡ ಅನ್ನೋನಲ್ಲ ನಾನು. ರಾತ್ರಿ ಹೊತ್ತು ಕರೆಂಟ್ ಬಂದಾಗ ಹಾವು ಚೇಳಿನ ಭಯದಲ್ಲಿ ಬದುವಿನ ಮೇಲೆ ನಡೆಯೋದು ತಪ್ಪುತ್ತೆ. ಪುಣೆಯ ಸಂತೋಷ್ ಓಸ್ತವಾಲ್ ಅವರು ಫೋನಿನಿಂದ ಪಂಪ್ ನಡೆಸೋ 'ನ್ಯಾನೋ ಗಣೇಶ್' ಮಾಡಿದ್ದೂ ರೈತರ ಈ ಕಷ್ಟ ನೋಡಿಯೇ.

ಮೊದಲು ಜೋಡಿಸೋ ವಿಚಾರ. ಸ್ಮಾರ್ಟ್ ಪ್ಲಗ್, ಬಲ್ಬುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯೋದು. ಫೋನು 5 ಗಿಗಾಹರ್ಟ್ಸ್‌ನಲ್ಲಿದ್ರೆ ಎಷ್ಟೋ ಸಲ ಎಷ್ಟು ಒದ್ದಾಡಿದ್ರೂ ಸೇರಲ್ಲ. ಜೋಡಿಸೋ ಹೊತ್ತಲ್ಲಿ ಫೋನನ್ನೂ 2.4ಕ್ಕೆ ಹಾಕಿ. ರೂಟರ್ ಬದಲಾಯಿಸಿದ್ರೆ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಹೊಸದಕ್ಕೂ ಇಡಿ, ಸಾಮಾನ್ಯವಾಗಿ ಎಲ್ಲಾ ತಾನಾಗೇ ಸೇರ್ಕೊಳ್ತವೆ. ಬೋರ್‌ವೆಲ್ ತನಕ ವೈಫೈ ಮುಟ್ಟಲ್ಲ, ಅಲ್ಲಿಗೆ ಸಿಮ್ ಹಾಕೋ ಸ್ಟಾರ್ಟರೇ ಸರಿ. ಅದು 2ಜಿ ಸ್ಟಾರ್ಟರ್ ಆದ್ರೆ ಜಿಯೋ ಸಿಮ್ ನಡೆಯಲ್ಲ, ಜಿಯೋದಲ್ಲಿ 2ಜಿ ಇಲ್ಲ.

ಈಗ ನನ್ನ ಮುಖ್ಯ ಮಾತು. ಆಪ್ ಹಾಕೋದು ಮಗ, ಖಾತೆ ಅವನ ಫೋನಲ್ಲಿ. ಅವನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಡ್ಯೂಟಿಯಲ್ಲಿರ್ತಾನೆ. ಮನೇಲಿರೋ ಹೆಂಗಸರಿಗೆ ಲೈಟ್ ಹಾಕೋಕೂ ಅವನಿಗೇ ಫೋನ್ ಮಾಡ್ಬೇಕು. ಇದೆಂಥಾ ಅನುಕೂಲ? ಖಾತೆ ಮನೇಲಿರೋರ ಫೋನಲ್ಲಿ ಇರ್ಲಿ, ಮಗನಿಗೆ ಆಪ್‌ನಲ್ಲೇ ಶೇರ್ ಮಾಡಿ.

ಇನ್ನೊಂದು, ಇವುಗಳಲ್ಲಿ ಬಹಳಷ್ಟು ಕಂಪನಿಯ ಸರ್ವರ್ ನಂಬ್ಕೊಂಡು ನಡೆಯೋವು. ಅಮೆರಿಕದಲ್ಲಿ ರಿವಾಲ್ವ್ ಅನ್ನೋ ಮನೆ ಸಾಧನದ ಸೇವೆಯನ್ನು 2016ರಲ್ಲಿ ನಿಲ್ಲಿಸಿದ್ರು. ದುಡ್ಡು ಕೊಟ್ಟು ತಗೊಂಡ ಪೆಟ್ಟಿಗೆ ಕೆಲಸಕ್ಕೆ ಬಾರದೇ ಹೋಯ್ತು. ಅದೇ ವರ್ಷ ಮಿರಾಯ್ ಅನ್ನೋ ವೈರಸ್ಸು, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿತ್ತು. ಕ್ಯಾಮೆರಾ ಹಾಕಿದ ದಿನವೇ ಪಾಸ್‌ವರ್ಡ್ ಬದಲಾಯಿಸಿ.

ಎಲ್ಲಕ್ಕಿಂತ ದೊಡ್ಡದು ಜೀವ. ಮೇವು ಕತ್ತರಿಸೋ ಮೆಷಿನ್ನನ್ನು ಯಾವ ಕಾರಣಕ್ಕೂ ಸ್ಮಾರ್ಟ್ ಪ್ಲಗ್‌ಗೆ ಹಾಕಬೇಡಿ. ಮೋಟಾರ್ ಶುರುವಾಗುವಾಗ ಎಳೆಯೋ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು, 10 ಆಂಪ್ ಪ್ಲಗ್ ತಡೆಯಲ್ಲ. ಪ್ಲಗ್ ತಡೆದ್ರೂ, ಎಲ್ಲೋ ಕೂತೋನು ಬಟನ್ ಒತ್ತಿದಾಗ ಬ್ಲೇಡಿನ ಹತ್ತಿರ ಯಾರ ಕೈ ಇದೆ ಅಂತ ಫೋನಿಗೆ ಗೊತ್ತಾ? ಪಂಪ್ ರಿಪೇರಿಯಲ್ಲೂ ಅಷ್ಟೇ. ಆಪ್‌ನಲ್ಲಿ ಆಫ್ ತೋರಿಸ್ತು ಅಂತ ವೈರ್ ಮುಟ್ಟಬೇಡಿ. ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಂಡು ಆಮೇಲೆ ಕೈ ಹಾಕಿ.

ಅಂಗಡಿಯಲ್ಲಿ ದುಡ್ಡು ಎಣಿಸೋ ಮುಂಚೆ ಒಂದು ಮಾತು ಕೇಳಿ: 'ನೆಟ್ ಇಲ್ದಿದ್ರೂ ಇದನ್ನ ಕೈಯಲ್ಲಿ ಆನ್ ಆಫ್ ಮಾಡಬಹುದಾ? ಮಾಡಿ ತೋರ್ಸಿ.' ತೋರಿಸದಿದ್ರೆ ಎಷ್ಟೇ ಕಡಿಮೆ ರೇಟಾದ್ರೂ ಬಿಟ್ಟು ಬನ್ನಿ. ನಿಮ್ಮ ತೋಟದಲ್ಲಿ ಯಾವ ಸ್ಟಾರ್ಟರ್ ಮಳೆ, ಸಿಡಿಲು ತಡ್ಕೊಂಡಿದೆ ಅಂತ ಬರೀರಿ, ಬೇರೆಯವರಿಗೂ ಉಪಯೋಗ ಆಗ್ಲಿ.