ಕಿಲ್ಟಿನ ಮೇಲೆ ಎಷ್ಟು ಪಿನ್ನು?



ಪ್ರವಾಸದ ನೆನಪಿಗೆ ಕೊಂಡ ಪುಟ್ಟ ಪಿನ್ನುಗಳನ್ನು ಕೂಡಿಡುವ ಹವ್ಯಾಸ ನಿಮ್ಮಲ್ಲೂ ಕೆಲವರಿಗಿರಬಹುದು. ಸ್ಕಾಟ್ಲೆಂಡಿನ ಉಡುಗೆಯ ಮೇಲೆ ಅವನ್ನು ಸಿಕ್ಕಿಸಿಕೊಳ್ಳುವವರೂ ಉಂಟು. ಆದರೆ ಅಲ್ಲಿ ಒಂದೊಂದಕ್ಕೂ ಒಂದು ಜಾಗವಿದೆ. ಗಂಡಸರು ಸೊಂಟಕ್ಕೆ ಸುತ್ತುವ ನೆರಿಗೆಯ ಉಣ್ಣೆ ಬಟ್ಟೆಯೇ ಕಿಲ್ಟ್. ಅದರ ಪಿನ್ನನ್ನು ಮುಂಭಾಗದ ಮೇಲಿನ ಪದರಕ್ಕೆ ಮಾತ್ರ, ಬಲಗಡೆ ಕೆಳ ಅಂಚಿನ ಬಳಿ ಚುಚ್ಚಬೇಕು. ಎರಡೂ ಪದರ ಸೇರಿಸಿದರೆ ನಡೆಯುವಾಗ ಬಟ್ಟೆ ಜಗ್ಗಿ ಹರಿದೀತು. ಟೋಪಿಯ ಎಡಬದಿ ಕುಲದ ಲಾಂಛನಕ್ಕೆ.

ಈ ಉಡುಗೆಯ ಬೆಲೆ ಎಷ್ಟೆಂದು ಬಲ್ಲಿರಾ? ಜಾಕೋಬೈಟ್ ದಂಗೆ ಅಡಗಿದ ಮೇಲೆ, 1746ರ ಕಾನೂನು ಸ್ಕಾಟ್ಲೆಂಡಿನಲ್ಲಿ ಸೈನಿಕರ ಹೊರತು ಬೇರೆ ಗಂಡಸರು, ಹುಡುಗರು ಇದನ್ನು ತೊಡಬಾರದೆಂದಿತು. ಮೊದಲ ತಪ್ಪಿಗೆ 6 ತಿಂಗಳ ಸೆರೆ, ಎರಡನೆಯದಕ್ಕೆ 7 ವರ್ಷ ಗಡೀಪಾರು. ನಿಷೇಧ ತೆರವಾದದ್ದು 1782ರಲ್ಲಿ!

ಅಷ್ಟು ಕಷ್ಟದಲ್ಲಿ ಉಳಿದ ಬಟ್ಟೆಯನ್ನು ಪಿನ್ನುಗಳಿಂದ ಮುಚ್ಚಬೇಕೆ? ಅತಿಯಾದರೆ ಅಮೃತವೂ ವಿಷ. ಪಿನ್ನು ಹೇಳುವುದು ನಾವು ಎಲ್ಲಿಗೆ ಹೋಗಿದ್ದೆವೆಂದು. ಉಡುಗೆ ಹೇಳುವುದು ಒಂದು ಜನ ಯಾರೆಂದು. ಆದ್ದರಿಂದ ಸಂದರ್ಭಕ್ಕೆ ಒಪ್ಪುವ ಒಂದೆರಡನ್ನು ಕೋಟಿನ ಕಾಲರಿಗೆ ಹಾಕಿಕೊಳ್ಳಿ. ಉಳಿದವನ್ನು ದಪ್ಪ ಬಟ್ಟೆಯೊಂದಕ್ಕೆ ಚುಚ್ಚಿ ಗೋಡೆಗೆ ತೂಗುಹಾಕಿ, ಪಕ್ಕದಲ್ಲೇ ಊರು, ವರ್ಷ ಬರೆದಿಡಿ. ಬಂದವರು ನಿಂತು ಓದುತ್ತಾರೆ.